ಬಿಡದ ಖಿನ್ನತೆ: ಕೆಟ್ಟ ದಿನದ ಅಳತೆಗೆ ದಿನಚರಿ ಕಟ್ಟುವುದು ಹೇಗೆ

ವರ್ಷಗಟ್ಟಲೆ ಖಿನ್ನತೆಯಿಂದ ಬಳಲುವವರು ದಿನಚರಿ ಹಾಕಿಕೊಳ್ಳಲು ಹೊರಟು ಸೋಲುವುದು ಹೆಚ್ಚುಕಡಿಮೆ ಒಂದೇ ರೀತಿಯಲ್ಲಿ. ಮನಸ್ಸು ಸ್ವಲ್ಪ ಹಗುರವಾದ ಒಂದು ಸಂಜೆ ಕೂತು ಪಟ್ಟಿ ಬರೆಯುತ್ತಾರೆ: ಬೆಳಿಗ್ಗೆ 5ಕ್ಕೆ ಏಳುವುದು, ಒಂದು ಗಂಟೆ ವಾಕಿಂಗ್, ಯೋಗ, ಧ್ಯಾನ, ಮೊಬೈಲ್ ಬಂದ್. ಎರಡು ದಿನ ನಡೆಯುತ್ತದೆ. ಮೂರನೆಯ ದಿನ ಹಾಸಿಗೆಯಿಂದ ಏಳಲಾಗುವುದಿಲ್ಲ, ಪಟ್ಟಿ ಪೂರ್ತಿ ಬಿದ್ದುಹೋಗುತ್ತದೆ. ‘ನನ್ನ ಕೈಲಿ ಏನೂ ಆಗಲ್ಲ’ ಎಂಬ ಹಳೆಯ ಮಾತಿಗೆ ಇನ್ನೊಂದು ಸಾಕ್ಷಿ ಸಿಕ್ಕಂತಾಗುತ್ತದೆ. ಆ ಪಟ್ಟಿಯನ್ನು ಬರೆದದ್ದು ಒಳ್ಳೆಯ ದಿನದ ಶಕ್ತಿ ನೋಡಿ. ಅದು ನಡೆಯಬೇಕಾಗಿದ್ದದ್ದು ಕೆಟ್ಟ ದಿನದಲ್ಲಿ. ಸೋಲು ಅಲ್ಲೇ ಶುರುವಾಗಿರುತ್ತದೆ.

ಹಾಗಾಗಿ ಇಲ್ಲಿ ಎಲ್ಲವೂ ಕೆಟ್ಟ ದಿನದಿಂದ ಮೊದಲಾಗುತ್ತದೆ. ಹಂತಗಳ ಕ್ರಮ ಮುಖ್ಯ. ಮೊದಲು ಜೀವದ ಸುರಕ್ಷತೆ, ಆಮೇಲೆ ಚಿಕಿತ್ಸೆ, ಆಮೇಲೆ ಏಳುವ ಹೊತ್ತು, ನಂತರ ಉಳಿದದ್ದು. ಒಂದು ಹಂತಕ್ಕೆ ಕನಿಷ್ಠ ಒಂದು ವಾರ ಕೊಡಿ. ಚಿಕಿತ್ಸೆಯ ಹಂತ ಹಾರಿಸಿ ನೇರ ವಾಕಿಂಗ್, ಧ್ಯಾನಕ್ಕೆ ಹೋದವರೇ ಹೆಚ್ಚು ಸೋಲುವುದು.

ಈ ಕ್ಷಣ ಸಾಯುವ ಯೋಚನೆ ಕಾಡುತ್ತಿದ್ದರೆ ಇದನ್ನು ಆಮೇಲೆ ಓದಿ. ಈಗ 14416ಕ್ಕೆ ಫೋನ್ ಮಾಡಿ. ಅದು ಟೆಲಿಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ತುರ್ತು ಅಪಾಯವಿದ್ದರೆ 112 ಅಥವಾ 108. ಒಬ್ಬರೇ ಇರಬೇಡಿ, ಪಕ್ಕದ ಮನೆಯವರನ್ನಾದರೂ ಕರೆಯಿರಿ. ಹೊರದೇಶದಲ್ಲಿದ್ದರೆ ಅಮೆರಿಕದಲ್ಲಿ 988, ಬ್ರಿಟನ್‌ನಲ್ಲಿ 116 123.

## ಕೈಗೆ ಬೇಕಾದ ಸಾಮಾನು

ಒಂದು 100 ಪುಟದ ನೋಟ್‌ಬುಕ್, ಪೆನ್ನು. ಏಳು ಖಾನೆಗಳ ಮಾತ್ರೆ ಡಬ್ಬಿ, ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಒಂದು ಅಲಾರಾಂ ಗಡಿಯಾರ. ಫೋನಿನ ಅಲಾರಾಂ ಬೇಡ, ಅದನ್ನು ಆರಿಸಲು ಫೋನ್ ಹಿಡಿದವರು ಒಂದು ಗಂಟೆ ಹಾಸಿಗೆಯಲ್ಲೇ ಉಳಿಯುತ್ತಾರೆ. ಔಷಧಿ ಚೀಟಿ ಮತ್ತು ರಕ್ತಪರೀಕ್ಷೆಯ ವರದಿ ಇಡಲು ಒಂದು ಫೈಲು. ಹಾಲಿನ ಲೆಕ್ಕ ಬರೆಯುವ ಹಾಗೆ ದೊಡ್ಡ ಮನೆಗಳಿರುವ ಗೋಡೆ ಕ್ಯಾಲೆಂಡರ್. ಇಷ್ಟು ಸಾಕು, ಆ್ಯಪ್ ಬೇಡ.

ಇದಲ್ಲದೆ ಒಬ್ಬ ಮನುಷ್ಯ ಬೇಕು. ಗಂಡ, ಹೆಂಡತಿ, ಅಕ್ಕ, ರೂಮ್‌ಮೇಟ್, ಹಳೆಯ ಸಹೋದ್ಯೋಗಿ, ಯಾರಾದರೂ ಆಗಬಹುದು. ಬುದ್ಧಿ ಹೇಳುವವರಿಗಿಂತ ಹೇಳಿದಷ್ಟು ಮಾಡುವವರನ್ನು ಆರಿಸಿ.

## ಹಂತ 1: ಅಪಾಯದ ಹೊತ್ತಿಗೆ ಒಂದು ಚೀಟಿ

ಮನಸ್ಸು ತೀರಾ ಕುಸಿದಾಗ ಏನು ಮಾಡಬೇಕೆಂದು ಯೋಚಿಸುವ ಶಕ್ತಿಯೇ ಇರುವುದಿಲ್ಲ. ಆದ್ದರಿಂದ ಸಮಾಧಾನವಾಗಿರುವ ಒಂದು ದಿನ, ಸಾಧ್ಯವಾದರೆ ಡಾಕ್ಟರ್ ಅಥವಾ ಆಪ್ತಸಮಾಲೋಚಕರ ಜೊತೆ ಕೂತು, ಆರು ಸಾಲು ಬರೆದಿಡಿ.

1. ನನ್ನ ಮುನ್ಸೂಚನೆಗಳು. ‘ಎರಡು ದಿನದಿಂದ ಯಾರ ಫೋನೂ ಎತ್ತಿಲ್ಲ’, ‘ರಾತ್ರಿ 3ಕ್ಕೆ ಎಚ್ಚರ, ಮತ್ತೆ ನಿದ್ದೆ ಇಲ್ಲ’, ‘ನಾನಿಲ್ಲದಿದ್ದರೆ ಮನೆಯವರಿಗೇ ಒಳ್ಳೆಯದು ಎಂಬ ಯೋಚನೆ’. ನಿಮ್ಮವನ್ನು ನಿಮ್ಮ ಮಾತಲ್ಲೇ ಬರೆಯಿರಿ.
2. ಯಾರ ಸಹಾಯವೂ ಇಲ್ಲದೆ ಮಾಡಬಹುದಾದದ್ದು. ಮುಖಕ್ಕೆ ತಣ್ಣೀರು ಹಾಕಿಕೊಳ್ಳುವುದು, ಮನೆಯಿಂದ ಹೊರಗೆ ಬಂದು ಕೂರುವುದು.
3. ಜನ ಇರುವ ಜಾಗ. ದೇವಸ್ಥಾನದ ಜಗಲಿ, ಪಾರ್ಕು, ಹತ್ತಿರದ ಅಂಗಡಿ. ಅಲ್ಲಿ ಏನೂ ಮಾತಾಡಬೇಕಿಲ್ಲ, ಇದ್ದರೆ ಸಾಕು.
4. ಬಾಯಿಬಿಟ್ಟು ಹೇಳಬಹುದಾದ ಇಬ್ಬರ ಹೆಸರು, ನಂಬರ್.
5. ಡಾಕ್ಟರ್ ನಂಬರ್, ರಾತ್ರಿಯೂ ತೆರೆದಿರುವ ಹತ್ತಿರದ ಆಸ್ಪತ್ರೆ, 14416.
6. ಮನೆಯಿಂದ ದೂರ ಇಡಬೇಕಾದ ವಸ್ತುಗಳು.

ಆರನೆಯ ಸಾಲನ್ನು ಜನ ಸಂಕೋಚದಿಂದ ಖಾಲಿ ಬಿಡುತ್ತಾರೆ. ಜೀವ ಉಳಿಸುವುದು ಹೆಚ್ಚಾಗಿ ಅದೇ ಸಾಲು. ಸಾಯಬೇಕೆಂಬ ತೀವ್ರ ಒತ್ತಡ ಎಷ್ಟೋ ಸಲ ನಿಮಿಷಗಳಲ್ಲಿ, ಗಂಟೆಗಳಲ್ಲಿ ಇಳಿಯುತ್ತದೆ. ಆ ಹೊತ್ತಿನಲ್ಲಿ ಅಪಾಯದ ವಸ್ತು ಕೈಗೆ ಸಿಗದಿದ್ದರೆ ಸಾಕು. ಹೊಲ ತೋಟ ಇರುವ ಮನೆಗಳಲ್ಲಿ ಕೀಟನಾಶಕವನ್ನು ಮನೆಯೊಳಗೆ ಇಡಲೇಬಾರದು. ಬೀಗ ಹಾಕಿ ಬೀಗದಕೈಯನ್ನು ಇನ್ನೊಬ್ಬರಿಗೆ ಕೊಡಿ. ಹಳೆಯ, ಉಳಿದ ಮಾತ್ರೆಗಳನ್ನು ವಾಪಸ್ ಕೊಡಿ ಅಥವಾ ಮನೆಯವರ ವಶಕ್ಕೆ ಒಪ್ಪಿಸಿ. ಅಪಾಯ ಹೆಚ್ಚಿರುವ ತಿಂಗಳುಗಳಲ್ಲಿ 7 ದಿನಕ್ಕಾಗುವಷ್ಟೇ ಮಾತ್ರೆ ಬರೆದುಕೊಡಿ ಎಂದು ಡಾಕ್ಟರನ್ನು ಕೇಳಬಹುದು. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಮನೆಯವರು ನೋಡಬೇಕಾದ ಲಕ್ಷಣಗಳು: ಪ್ರೀತಿಯ ವಸ್ತುಗಳನ್ನು ಹಂಚಿಬಿಡುವುದು, ಸಾಲ ಮತ್ತು ಕಾಗದಪತ್ರ ಒಮ್ಮೆಲೇ ಚೊಕ್ಕ ಮಾಡುವುದು, ವಿದಾಯದ ಧಾಟಿಯ ಮಾತು, ತುಂಬ ಕುಸಿದಿದ್ದವರು ಕಾರಣವಿಲ್ಲದೆ ಹಠಾತ್ ಶಾಂತವಾಗಿಬಿಡುವುದು. ‘ಸಾಯೋ ಯೋಚನೆ ಬರ್ತಿದೆಯಾ?’ ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ತುಂಬಿದಂತೆ ಆಗುತ್ತದೆ ಎಂಬ ಹೆದರಿಕೆ ಬೇಡ, ಹಾಗೆ ಆಗುವುದಿಲ್ಲ. ಪೊಲೀಸ್ ಕೇಸಿನ ಭಯಕ್ಕೆ ಆಸ್ಪತ್ರೆಗೆ ಕರೆದೊಯ್ಯದೆ ಇರುವುದೂ ತಪ್ಪು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರನ್ನು ಶಿಕ್ಷಿಸಬಾರದು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್.

ಚೀಟಿಯ ಒಂದು ಫೋಟೋ ನಿಮ್ಮ ಫೋನಿನಲ್ಲಿ, ಇನ್ನೊಂದು ನೀವು ಆರಿಸಿದ ಆ ವ್ಯಕ್ತಿಯ ಫೋನಿನಲ್ಲಿ ಇರಲಿ.

## ಹಂತ 2: ಚಿಕಿತ್ಸೆ ಸರಿಯಾಗಿ ನಡೆಯುತ್ತಿದೆಯೇ ನೋಡಿ

ದೊಡ್ಡವರಲ್ಲಿ ಎರಡು ವರ್ಷಕ್ಕೂ ಮಿಕ್ಕಿ, ಹೆಚ್ಚಿನ ದಿನಗಳಲ್ಲಿ ಮನಸ್ಸು ಕುಗ್ಗಿಯೇ ಇದ್ದರೆ ವೈದ್ಯರು ಅದನ್ನು ದೀರ್ಘಕಾಲದ ಖಿನ್ನತೆ ಎನ್ನುತ್ತಾರೆ. ನಮ್ಮಲ್ಲಿ ಅದು ಮನಸ್ಸಿನ ಮಾತಿಗಿಂತ ಮೈಯ ಮಾತಾಗಿ ಹೊರಬರುವುದೇ ಹೆಚ್ಚು: ಸುಸ್ತು, ತಲೆಭಾರ, ಎದೆ ಹಿಡಿದ ಹಾಗೆ, ಮೈಕೈ ನೋವು, ಗ್ಯಾಸ್. ಸ್ಕ್ಯಾನಿಂಗ್ ಎಲ್ಲ ನಾರ್ಮಲ್ ಬಂದು, ಟಾನಿಕ್ ಮೇಲೆ ಟಾನಿಕ್ ಕುಡಿದು ವರ್ಷ ಕಳೆದವರು ಬಹಳ.

ಯಾರ ಬಳಿ ಹೋಗಬೇಕು? ಔಷಧಿ ಬರೆಯುವವರು ಮನೋವೈದ್ಯರು. ಮಾತಿನ ಚಿಕಿತ್ಸೆ ಕೊಡುವವರು ಕ್ಲಿನಿಕಲ್ ಸೈಕಾಲಜಿಸ್ಟ್. ದೀರ್ಘಕಾಲದ ಖಿನ್ನತೆಗೆ ಎರಡೂ ಜೊತೆಯಾಗಿ ಸಿಕ್ಕರೆ ಒಳ್ಳೆಯದು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಮಾತ್ರವಲ್ಲ, ಜಿಲ್ಲಾಸ್ಪತ್ರೆಗಳಲ್ಲೂ ಮನೋವೈದ್ಯಕೀಯ ವಿಭಾಗ ಇದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ನೋಡುತ್ತಾರೆ. ಹೊರಡುವ ಮುನ್ನ ಆಸ್ಪತ್ರೆಗೆ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ. ತಿಂಗಳ ಔಷಧಿ ಖರ್ಚು ಭಾರವಾದರೆ ಡಾಕ್ಟರಿಂದ ಔಷಧಿಯ ಮೂಲ ಹೆಸರು ಬರೆಸಿಕೊಂಡು ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ.

ಮೊದಲ ಭೇಟಿಯಲ್ಲೇ ರಕ್ತಪರೀಕ್ಷೆಯ ಬಗ್ಗೆ ಕೇಳಿ: ಥೈರಾಯ್ಡ್, ಹಿಮೋಗ್ಲೋಬಿನ್, ಬಿ12, ಸಕ್ಕರೆ. ಥೈರಾಯ್ಡ್ ಕಡಿಮೆಯಿದ್ದರೂ ರಕ್ತ ಕಡಿಮೆಯಿದ್ದರೂ ಸುಸ್ತು, ಬೇಜಾರು, ಮಂಕು ಬರುತ್ತವೆ. ಅದನ್ನು ಸರಿಪಡಿಸದೆ ಬರೀ ಖಿನ್ನತೆಯ ಮಾತ್ರೆ ತೆಗೆದುಕೊಂಡರೆ ಫಲ ಅರ್ಧ.

ಔಷಧಿಯ ಕಾಲಪಟ್ಟಿ ಗೊತ್ತಿಲ್ಲದೆ ಕೆಡುವ ಚಿಕಿತ್ಸೆ ಬಹಳ. ಎಸ್‌ಸಿಟಲೋಪ್ರಾಮ್, ಸರ್ಟ್ರಲೀನ್, ಫ್ಲುಯೊಕ್ಸೆಟೀನ್ ತರಹದ ಖಿನ್ನತೆಯ ಮಾತ್ರೆಗಳಲ್ಲಿ ಮೊದಲ ವಾರ ಬರುವುದು ತೊಂದರೆ: ವಾಕರಿಕೆ, ತಲೆನೋವು, ಹೊಟ್ಟೆ ಸಡಿಲ, ಒಂದು ರೀತಿಯ ಚಡಪಡಿಕೆ. ಇವುಗಳಲ್ಲಿ ಹೆಚ್ಚಿನವು ಒಂದೆರಡು ವಾರದಲ್ಲಿ ಇಳಿಯುತ್ತವೆ. ಗುಣ ಕಾಣಲು 2ರಿಂದ 4 ವಾರ, ಪೂರ್ತಿ ಫಲಕ್ಕೆ 6ರಿಂದ 8 ವಾರ ಬೇಕು. ಮೊದಲು ತೊಂದರೆ, ಆಮೇಲೆ ಗುಣ ಬರುವುದರಿಂದ 10ನೇ ದಿನಕ್ಕೆ ‘ಇದು ನನಗೆ ಆಗಿಬರಲ್ಲ’ ಎಂದು ನಿಲ್ಲಿಸಿಬಿಡುತ್ತಾರೆ. ಆದರೆ ಸರಿಯಾದ ಪ್ರಮಾಣದಲ್ಲಿ 4 ವಾರ ತೆಗೆದುಕೊಂಡರೂ ಒಂದಿಷ್ಟೂ ವ್ಯತ್ಯಾಸ ಇಲ್ಲವೆಂದರೆ ಸುಮ್ಮನೆ ಕಾಯುವುದೂ ತಪ್ಪು. ಹೋಗಿ ಹೇಳಿ; ಪ್ರಮಾಣ ಹೆಚ್ಚಿಸುವುದು, ಔಷಧಿ ಬದಲಿಸುವುದು ಎರಡೂ ಸಾಧ್ಯ.

ನಿದ್ದೆಗೆಂದು ಕೊಟ್ಟ ಕ್ಲೊನಾಜೆಪಾಮ್ ತರಹದ ಮಾತ್ರೆಯ ಬಗ್ಗೆ ವಿಶೇಷ ಎಚ್ಚರ ಬೇಕು. ಅದು ಅದೇ ರಾತ್ರಿ ಕೆಲಸ ಮಾಡುತ್ತದೆ, ಖಿನ್ನತೆಯ ಮಾತ್ರೆ ಮಾಡುವುದಿಲ್ಲ. ಹಾಗಾಗಿ ಜನ ನಿದ್ದೆ ಮಾತ್ರೆ ಉಳಿಸಿಕೊಂಡು ಮುಖ್ಯ ಮಾತ್ರೆಯನ್ನೇ ಬಿಡುತ್ತಾರೆ. ಕೆಲವೇ ವಾರಗಳಿಗೆ ಕೊಟ್ಟದ್ದು ವರ್ಷಗಟ್ಟಲೆ ಮುಂದುವರಿದು ಅಭ್ಯಾಸವಾಗಿಬಿಡುತ್ತದೆ. ಈಗಾಗಲೇ ಬಹಳ ಕಾಲದಿಂದ ತೆಗೆದುಕೊಳ್ಳುತ್ತಿದ್ದರೆ ಒಮ್ಮೆಗೇ ನಿಲ್ಲಿಸಬೇಡಿ, ಫಿಟ್ಸ್ ಬರುವ ಅಪಾಯವಿದೆ. ಡಾಕ್ಟರ್ ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು.

ದಿನನಿತ್ಯದ ನಿಯಮಗಳು ಇಷ್ಟು. ಭಾನುವಾರ ಸಂಜೆ ಡಬ್ಬಿಯ ಏಳೂ ಖಾನೆ ತುಂಬಿಡಿ. ‘ಇವತ್ತು ತಗೊಂಡ್ನಾ ಇಲ್ವಾ’ ಎಂಬ ಗೊಂದಲ ಅಲ್ಲಿಗೆ ಮುಗಿಯಿತು. ಒಂದು ಹೊತ್ತು ಮರೆತರೆ ಮರುದಿನ ಎರಡು ನುಂಗಬೇಡಿ. ಮಂಡಿನೋವಿಗೆ, ತಲೆನೋವಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ತೆಗೆದುಕೊಳ್ಳುವ ಮುನ್ನ ಖಿನ್ನತೆಯ ಮಾತ್ರೆ ನಡೆಯುತ್ತಿದೆ ಎಂದು ಡಾಕ್ಟರಿಗೆ ಹೇಳಿ, ಎರಡೂ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚು. ಟ್ರಮಡಾಲ್ ಎಂಬ ನೋವಿನ ಮಾತ್ರೆ ಅಂತೂ ಕೇಳದೆ ಬೇಡವೇ ಬೇಡ. ಮದ್ಯವು ನಿದ್ದೆಯನ್ನೂ ಮನಸ್ಸನ್ನೂ ಮರುದಿನಕ್ಕೆ ಇನ್ನಷ್ಟು ಕೆಡಿಸುತ್ತದೆ. ಗರ್ಭಿಣಿಯಾದರೆ ಅಥವಾ ಆಗುವ ಯೋಚನೆ ಇದ್ದರೆ ಮಾತ್ರೆ ನೀವಾಗಿಯೇ ಬಿಡದೆ ಮೊದಲು ಡಾಕ್ಟರ ಜೊತೆ ಮಾತಾಡಿ. ಲೈಂಗಿಕ ಆಸಕ್ತಿ ತಗ್ಗಿದ್ದರೆ ಅದನ್ನೂ ಹೇಳಿ. ಬಾಯಿಬಿಡಲಾಗದೆ ಮಾತ್ರೆ ನಿಲ್ಲಿಸಿದವರಿಗಿಂತ, ಹೇಳಿ ಬೇರೆ ಮಾತ್ರೆ ಬರೆಸಿಕೊಂಡವರ ಸ್ಥಿತಿ ಎಷ್ಟೋ ಮೇಲು.

ಹುಷಾರಾದ ಮೇಲೂ ಔಷಧಿ ಸಾಮಾನ್ಯವಾಗಿ 6ರಿಂದ 9 ತಿಂಗಳು ಮುಂದುವರಿಯಬೇಕು. ಖಿನ್ನತೆ ಪದೇ ಪದೇ ಮರುಕಳಿಸಿದ್ದರೆ ಎರಡು ವರ್ಷ ಅಥವಾ ಇನ್ನೂ ಹೆಚ್ಚು. ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ, ಸಿಡುಕು, ನಿದ್ದೆಗೇಡು ಬರಬಹುದು.

ತಕ್ಷಣ ಡಾಕ್ಟರಿಗೆ ತಿಳಿಸಬೇಕಾದ ಸೂಚನೆಗಳು: ಔಷಧಿ ಶುರುವಾದ ಮೊದಲ ವಾರಗಳಲ್ಲಿ, ಮುಖ್ಯವಾಗಿ 25 ವರ್ಷದೊಳಗಿನವರಲ್ಲಿ, ಸಾಯುವ ಯೋಚನೆ ಹೆಚ್ಚಾಗುವುದು, ನಿದ್ದೆಯೇ ಬೇಡವೆನಿಸಿ ಅತಿಯಾದ ಉತ್ಸಾಹ, ಬಿಡುವಿಲ್ಲದ ಮಾತು, ಕೈಮೀರಿದ ಖರ್ಚು, ವಯಸ್ಸಾದವರಲ್ಲಿ ಗೊಂದಲ, ತೂಕಡಿಕೆ. ಉತ್ಸಾಹದ ಏರಿಕೆಯನ್ನು ಮನೆಯವರು ‘ಹುಷಾರಾದ’ ಎಂದು ಸಂಭ್ರಮಿಸಿಬಿಡುತ್ತಾರೆ. ಅದು ಬೈಪೋಲಾರ್ (ಕುಸಿತವೂ ಅತಿಯಾದ ಉತ್ಸಾಹವೂ ಬಂದುಹೋಗುವ) ಕಾಯಿಲೆಯ ಸುಳಿವಾಗಿರಬಹುದು, ಅದರ ಔಷಧಿಯೇ ಬೇರೆ.

## ಹಂತ 3: ಏಳುವ ಹೊತ್ತೊಂದನ್ನೇ ಹಿಡಿಯಿರಿ

ಮಲಗುವ ಹೊತ್ತು ನಿಮ್ಮ ಕೈಯಲ್ಲಿಲ್ಲ. ನಿದ್ದೆಯನ್ನು ಬಲವಂತದಿಂದ ಬರಿಸಲಾಗದು. ಏಳುವ ಹೊತ್ತು ಸ್ವಲ್ಪಮಟ್ಟಿಗೆ ಕೈಯಲ್ಲಿದೆ. ಅದನ್ನು ಮಾತ್ರ ಗಟ್ಟಿ ಮಾಡಿ.

ಕಳೆದ ಒಂದು ವಾರ ನಿಜವಾಗಿ ಎಷ್ಟಕ್ಕೆ ಎದ್ದಿದ್ದೀರಿ ನೋಡಿ. 10:30 ಎಂದಾದರೆ ಈ ವಾರದ ಗುರಿ 10:15. ಐದು ಗಂಟೆ ಅಲ್ಲ. ನಾಲ್ಕೈದು ದಿನ ನಡೆದರೆ ಇನ್ನೊಂದು ಕಾಲು ಗಂಟೆ ಹಿಂದಕ್ಕೆ. ಭಾನುವಾರವೂ ಅದೇ ಹೊತ್ತು. ಗಡಿಯಾರ ಹಾಸಿಗೆಯಿಂದ ನಾಲ್ಕು ಹೆಜ್ಜೆ ದೂರ ಇರಲಿ. ಎದ್ದ ಅರ್ಧ ಗಂಟೆಯೊಳಗೆ ಬಿಸಿಲು ಕಣ್ಣಿಗೆ ಬೀಳುವ ಕಡೆ, ಬಾಲ್ಕನಿಯೋ ಟೆರೇಸೋ ಹೊಸಿಲೋ, 15 ನಿಮಿಷ ಕೂರಿ. ಕಾಫಿ ಅಲ್ಲಿಗೇ ತಂದುಕೊಳ್ಳಬಹುದು. ಹಗಲಿನ ಬೆಳಕು ಮೈಯೊಳಗಿನ ಗಡಿಯಾರವನ್ನು ಸರಿಮಾಡುತ್ತದೆ. ಕಿಟಕಿ ಪರದೆ ಎಳೆದ ಕೋಣೆಯ ಟ್ಯೂಬ್‌ಲೈಟಿಗೆ ಆ ಶಕ್ತಿ ಇಲ್ಲ. ಯುರೋಪಿನಲ್ಲಿ, ಕೆನಡಾದಲ್ಲಿ ಇರುವ ನಮ್ಮವರಿಗೆ ಚಳಿಗಾಲ ಬಂದೊಡನೆ ಖಿನ್ನತೆ ಏರುತ್ತದಾದರೆ 10,000 ಲಕ್ಸ್‌ನ (ಲಕ್ಸ್ ಎಂದರೆ ಬೆಳಕಿನ ಅಳತೆ) ದೀಪದ ಬಗ್ಗೆ ಅಲ್ಲಿನ ಡಾಕ್ಟರನ್ನು ಕೇಳಿ. ಬೈಪೋಲಾರ್ ಇದ್ದವರು ಕೇಳದೆ ಅದನ್ನು ಬಳಸಬಾರದು.

ಮಧ್ಯಾಹ್ನ ಮಲಗಲೇಬೇಕೆಂದರೆ 3 ಗಂಟೆಯೊಳಗೆ, 20 ನಿಮಿಷ, ಹಾಸಿಗೆಯಲ್ಲಲ್ಲ, ಚಾಪೆಯ ಮೇಲೆ. ಮಧ್ಯಾಹ್ನ 2ರ ನಂತರ ಕಾಫಿ, ಟೀ ಬೇಡ. ರಾತ್ರಿ ಹಾಸಿಗೆಗೆ ಹೋಗಿ ಸುಮಾರು 20 ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಬಂದು ಮಂದ ಬೆಳಕಿನಲ್ಲಿ ಕೂರಿ. ನಿದ್ದೆ ಬರುವಂತಾದಾಗ ವಾಪಸ್ ಹೋಗಿ. ಹಾಸಿಗೆಯಲ್ಲಿ ಹೊರಳಾಡಿದಷ್ಟೂ ಮೈಗೆ ‘ಹಾಸಿಗೆ ಅಂದರೆ ಯೋಚನೆ ಮಾಡುವ ಜಾಗ’ ಎಂಬ ಅಭ್ಯಾಸ ಬೀಳುತ್ತದೆ.

## ಹಂತ 4: ತಳದ ಪಟ್ಟಿ

ಸುರಕ್ಷತೆ, ಚಿಕಿತ್ಸೆ ಬಿಟ್ಟು ಇಡೀ ಮಾರ್ಗದರ್ಶಿಯಲ್ಲಿ ಇನ್ನೊಂದೇ ಹಂತಕ್ಕೆ ಶಕ್ತಿ ಇದೆಯೆಂದರೆ ಇದನ್ನು ಮಾಡಿ. ತೀರಾ ಕೆಟ್ಟ ದಿನದಲ್ಲೂ ಆಗುವಂಥ ಐದು ಕೆಲಸಗಳನ್ನು ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಬೇಕು. ಐದೂ ಸೇರಿ ಮುಕ್ಕಾಲು ಗಂಟೆ ಮೀರಬಾರದು. ಮಾದರಿಗೆ:

- ಮಾತ್ರೆ, ಜೊತೆಗೆ ದೊಡ್ಡ ಲೋಟದಲ್ಲಿ ನೀರು.
- ಎರಡು ಸಲ ಏನಾದರೂ ತಿನ್ನುವುದು.
- ಮುಖ, ಕೈಕಾಲು ತೊಳೆದು ಬಟ್ಟೆ ಬದಲಾಯಿಸುವುದು.
- ಬಾಗಿಲಾಚೆ 5 ನಿಮಿಷ.
- ಒಬ್ಬರಿಗೆ ಒಂದು ಮೆಸೇಜ್. ‘ಎದ್ದಿದ್ದೀನಿ’ ಎಂದರೂ ಸಾಕು.

ಈ ಐದು ಆದರೆ ಆ ದಿನ ನಡೆಯಿತು ಎಂದೇ ಲೆಕ್ಕ. ಕ್ಯಾಲೆಂಡರಿನ ಆ ಮನೆಗೆ ಒಂದು ಗೀಟು ಎಳೆಯಿರಿ. ಮೂರೇ ಆಯಿತೇ? 3 ಎಂದು ಬರೆಯಿರಿ. ಖಾಲಿ ಬಿಡುವುದಕ್ಕಿಂತ 1 ಎಂದು ಬರೆಯುವುದು ಮೇಲು.

ಊಟದ ವಿಷಯದಲ್ಲಿ ಒಲೆ ಹಚ್ಚುವ ಶಕ್ತಿ ಇರುವುದಿಲ್ಲ ಎಂದೇ ಇಟ್ಟುಕೊಂಡು ತಯಾರಾಗಿ. ಬಾಳೆಹಣ್ಣು, ಹುರಿಗಡಲೆ, ಶೇಂಗಾ ಚಿಕ್ಕಿ, ಮೊಸರು, ತೆಳು ಅವಲಕ್ಕಿ ಮನೆಯಲ್ಲಿ ಸದಾ ಇರಲಿ. ತೆಳು ಅವಲಕ್ಕಿಗೆ ಮೊಸರು, ಉಪ್ಪು ಹಾಕಿ ಕಲಸಿದರೆ ಊಟವಾಯಿತು. ರಾಗಿ ಹುರಿಹಿಟ್ಟಿದ್ದರೆ ಬಿಸಿ ಹಾಲಿಗೆ ಬೆಲ್ಲದ ಜೊತೆ ಹಾಕಿ ಕಲಸಿಕೊಳ್ಳಬಹುದು. ಹಸಿವಾಗಲಿ ಎಂದು ಕಾಯಬೇಡಿ, ಖಿನ್ನತೆಯಲ್ಲಿ ಹಸಿವು ಹೇಳಿ ಬರುವುದಿಲ್ಲ. ಗಡಿಯಾರ ನೋಡಿ ತಿನ್ನಿ.

ಸ್ನಾನ ಬಹಳ ಜನಕ್ಕೆ ಬೆಟ್ಟವಾಗುತ್ತದೆ. ಅದು ಒಂದು ಕೆಲಸದಂತೆ ಕಂಡರೂ ಒಳಗೆ ಹತ್ತು ಕೆಲಸಗಳಿವೆ, ಬಳಲಿದ ಮಿದುಳು ಅವನ್ನೆಲ್ಲ ಒಟ್ಟಿಗೆ ನೋಡಿ ಹಿಂದೆ ಸರಿಯುತ್ತದೆ. ಬಿಡಿಸಿ ನೋಡಿ. ಮೊದಲು ಗೀಸರ್ ಸ್ವಿಚ್ ಹಾಕಿ ಬಂದು ಕೂರುವುದು, ಅಷ್ಟೇ. ಮುಂದಿನದು, ಟವೆಲ್ ಮತ್ತು ಒಗೆದ ಬಟ್ಟೆಯನ್ನು ಬಚ್ಚಲ ಬಾಗಿಲಿಗೆ ಹಾಕುವುದು. ಬಚ್ಚಲಲ್ಲಿ ಪ್ಲಾಸ್ಟಿಕ್ ಸ್ಟೂಲ್ ಇರಲಿ, ನಿಲ್ಲಬೇಕಿಲ್ಲ. ಕೂತು ಎರಡು ಚೊಂಬು ಬಿಸಿನೀರು ಕಾಲಿನ ಮೇಲೆ. ಅಲ್ಲಿಗೇ ಸಾಕೆನಿಸಿದರೆ ಒರೆಸಿಕೊಂಡು ಬನ್ನಿ. ಹೆಚ್ಚಿನ ಸಲ ಮೂರನೆಯ ಚೊಂಬು ತಾನಾಗಿಯೇ ಹೆಗಲ ಮೇಲೆ ಬೀಳುತ್ತದೆ. ತಲೆಸ್ನಾನ ಬೇರೆಯೇ ಕೆಲಸ, ಬೇರೆಯೇ ದಿನ. ಇದೇ ರೀತಿ ಬಿಡಿಸಲು ಬರುವ ಕೆಲಸಗಳು: ಪಾತ್ರೆ ತೊಳೆಯುವುದು (ಮೊದಲು ಲೋಟಗಳು ಮಾತ್ರ), ಬ್ಯಾಂಕಿಗೆ ಹೋಗುವುದು, ಆಫೀಸಿನ ಉತ್ತರಿಸದ ಮೇಲ್‌ಗಳು.

ತಳದ ಪಟ್ಟಿಯ ಮೇಲೆ ಇನ್ನೆರಡು ಪಟ್ಟಿ ಸಾಲುತ್ತವೆ. ಸಾಧಾರಣ ದಿನಕ್ಕೆ ಸ್ನಾನ, 15 ನಿಮಿಷದ ನಡಿಗೆ, ಒಂದು ಮನೆಗೆಲಸ ಸೇರುತ್ತವೆ. ಒಳ್ಳೆಯ ದಿನಕ್ಕೆ ಇನ್ನೊಂದು ಬಾಕಿ ಕೆಲಸ. ಒಂದೇ. ಜನ ಜಾರಿ ಬೀಳುವುದು ಹೆಚ್ಚಾಗಿ ಇಲ್ಲಿ. ಒಳ್ಳೆಯ ದಿನ ಬಂದೊಡನೆ ಅಟ್ಟ ಗುಡಿಸಿ, ಆರು ತಿಂಗಳ ಬಟ್ಟೆ ಮಡಚಿ, ನಾಲ್ಕು ಮನೆಗೆ ಫೋನ್ ಮಾಡಿ, ಮರುದಿನದಿಂದ ಮೂರು ದಿನ ಹಾಸಿಗೆ ಹಿಡಿಯುತ್ತಾರೆ. ಸಾಧಾರಣ ದಿನಕ್ಕಿಂತ ಕಾಲುಭಾಗ ಮಾತ್ರ ಹೆಚ್ಚು ಮಾಡಿ, ಇನ್ನೂ ಶಕ್ತಿ ಇರುವಾಗಲೇ ನಿಲ್ಲಿಸಿ.

## ಹಂತ 5: ಮನಸ್ಸು ಬರಲಿ ಎಂದು ಕಾಯದೆ ಮಾಡುವುದು

ಮನಸ್ಸಾದರೆ ಕೆಲಸ ಮಾಡುವುದು ಆರೋಗ್ಯವಂತರ ಕ್ರಮ. ಖಿನ್ನತೆಯಲ್ಲಿ ಅದು ತಲೆಕೆಳಗಾಗುತ್ತದೆ. ಬೇಜಾರಿನಿಂದ ಹೊರಗೆ ಹೋಗುವುದು ನಿಲ್ಲುತ್ತದೆ, ಹೊರಗೆ ಹೋಗದ್ದರಿಂದ ಖುಷಿ ಕೊಡುವ ಸಣ್ಣಪುಟ್ಟ ಸಂಗತಿಗಳು ತಪ್ಪುತ್ತವೆ, ಅದರಿಂದ ಬೇಜಾರು ಇನ್ನಷ್ಟು. ಈ ಸುತ್ತನ್ನು ಮುರಿಯಲು ಕೆಲಸವೇ ಮೊದಲು ಬರಬೇಕು, ಮನಸ್ಸು ಹಿಂದಿನಿಂದ ಬರುತ್ತದೆ. ಮಾತಿನ ಚಿಕಿತ್ಸೆಯಲ್ಲೂ ಇದನ್ನೇ ಕ್ರಮವಾಗಿ ಮಾಡಿಸುತ್ತಾರೆ.

ಮಾಡುವ ಬಗೆ: ನಾಳೆಗೆ ಎರಡು ಕೆಲಸ, ಹೊತ್ತು ಹಾಕಿ ಬರೆಯಿರಿ. ಒಂದು ಹಿಂದೆ ಇಷ್ಟವಾಗುತ್ತಿದ್ದದ್ದು, ಇನ್ನೊಂದು ಮಾಡಿದೆ ಎಂಬ ತೃಪ್ತಿ ಕೊಡುವಂಥದ್ದು. ಮಾಡುವ ಮುನ್ನ, ಇದರಿಂದ ಎಷ್ಟು ಹಿತವಾದೀತು ಎಂದು 10ಕ್ಕೆ ಅಂದಾಜು ಹಾಕಿ. ಮುಗಿದ ಮೇಲೆ ನಿಜದ ಅಂಕ ಬರೆಯಿರಿ. ನೋಟ್‌ಬುಕ್ಕಿನ ಸಾಲು ಹೀಗಿರುತ್ತದೆ:

ಮಂಗಳವಾರ ಸಂಜೆ 5:30, ತುಳಸಿಗೂ ದಾಸವಾಳಕ್ಕೂ ನೀರು. ಅಂದಾಜು 1. ಆಮೇಲೆ 3.
ಮಂಗಳವಾರ ರಾತ್ರಿ 9, ರೀಲ್ಸ್ ಒಂದೂವರೆ ಗಂಟೆ. ಅಂದಾಜು 5. ಆಮೇಲೆ 1.

ಎರಡು ವಾರದ ಸಾಲುಗಳನ್ನು ಒಟ್ಟಿಗೆ ಓದಿದಾಗ ಒಂದು ವಿಷಯ ಎದ್ದು ಕಾಣುತ್ತದೆ: ಖಿನ್ನ ಮನಸ್ಸಿನ ಅಂದಾಜು ಮತ್ತೆ ಮತ್ತೆ ತಪ್ಪುತ್ತದೆ. ಇದನ್ನು ಬೇರೆಯವರ ಬಾಯಲ್ಲಿ ಕೇಳಿದರೆ ನಾಟುವುದಿಲ್ಲ, ತನ್ನದೇ ಅಕ್ಷರದಲ್ಲಿ ನೋಡಿದರೆ ನಾಟುತ್ತದೆ. 3 ಬಂದದ್ದನ್ನು ಕಡಿಮೆಯೆಂದು ತಳ್ಳಬೇಡಿ. 8, 9 ಬರಲೆಂದು ಕಾಯುವವರು ಒಂದು ವಾರದಲ್ಲಿ ಬಿಟ್ಟುಬಿಡುತ್ತಾರೆ.

ನಡಿಗೆಯನ್ನು 5 ನಿಮಿಷದಿಂದ ಶುರುಮಾಡಿ ವಾರಕ್ಕೆ ಎರಡು ಮೂರು ನಿಮಿಷ ಏರಿಸಿ. ವಾರಕ್ಕೆ ಒಟ್ಟು 150 ನಿಮಿಷದ ಚುರುಕು ನಡಿಗೆ ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆಲ್ಲ ಹೇಳುವ ಅಳತೆ. ಅಲ್ಲಿಗೆ ತಲುಪಲು ತಿಂಗಳುಗಳು ಹಿಡಿದರೂ ಚಿಂತೆಯಿಲ್ಲ.

## ಹಂತ 6: ಕೊರೆಯುವ ಯೋಚನೆಗೆ ಹೊತ್ತು ಗೊತ್ತುಮಾಡುವುದು

‘ಯೋಚನೆ ಮಾಡಬೇಡ’ ಎಂಬ ಸಲಹೆಯಿಂದ ಯಾರಿಗೂ ಉಪಯೋಗವಾಗಿಲ್ಲ. ತಡೆದಷ್ಟೂ ಅದು ನುಗ್ಗುತ್ತದೆ. ಬದಲಿಗೆ ಸಂಜೆ 6ರಿಂದ 6:15 ಎಂದು ಅದಕ್ಕೊಂದು ಹೊತ್ತು ಕೊಡಿ. ಹಗಲಿನಲ್ಲಿ ಯೋಚನೆ ಬಂದಾಗ ಎರಡು ಪದದಲ್ಲಿ ಬರೆದಿಟ್ಟು ‘ಸಂಜೆ ನೋಡೋಣ’ ಎಂದು ಕೈಯಲ್ಲಿದ್ದ ಕೆಲಸಕ್ಕೆ ಮರಳಿ. ಸಂಜೆ ಪಟ್ಟಿ ತೆಗೆದು ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಹಾಕಿ: ಇದಕ್ಕೆ ನಾಳೆ ನಾನು ಮಾಡಬಹುದಾದದ್ದು ಏನಾದರೂ ಇದೆಯೇ? ಇದ್ದರೆ ಅದನ್ನು ನಾಳೆಯ ಕೆಲಸಕ್ಕೆ ಬರೆಯಿರಿ. ‘ಅವರು ಹತ್ತು ವರ್ಷದ ಹಿಂದೆ ಹಾಗೇಕೆ ಅಂದರು’ ಎಂಬಂಥದ್ದಕ್ಕೆ ನಾಳೆ ಮಾಡುವುದೇನೂ ಇಲ್ಲ. ಅದರ ಮೇಲೆ ಗೆರೆ ಎಳೆಯಿರಿ. 15 ನಿಮಿಷಕ್ಕೆ ಅಲಾರಾಂ ಇರಲಿ, ಹೊಡೆದ ಕೂಡಲೇ ಎದ್ದು ಕಾಲಿಗೆ ಕೆಲಸ ಕೊಡಿ. ಮಲಗುವ ಕೋಣೆಯಲ್ಲಿ, ಮಲಗುವ ಹೊತ್ತಿನಲ್ಲಿ ಈ ಅಭ್ಯಾಸ ಮಾಡಬಾರದು.

ಕಣ್ಣು ಮುಚ್ಚಿ ಧ್ಯಾನಕ್ಕೆ ಕೂತರೆ ಕೆಲವರಿಗೆ ಕೊರೆತ ಹೆಚ್ಚಾಗುತ್ತದೆ. ನಿಮಗೂ ಹಾಗಾಗುತ್ತಿದ್ದರೆ ಸದ್ಯಕ್ಕೆ ಬಿಡಿ. ಸೊಪ್ಪು ಬಿಡಿಸುವುದು, ಹೂ ಕಟ್ಟುವುದು, ಅಂಗಳ ಗುಡಿಸುವುದು ಮುಂತಾದ ಕೈಗೆಲಸ ಮಾಡಿ ನೋಡಿ.

## ಹಂತ 7: ಮನೆಯವರಿಗೆ ಏನು ಹೇಳಬೇಕು

‘ನನಗೆ ಡಿಪ್ರೆಶನ್’ ಎಂದಷ್ಟೇ ಹೇಳಿದರೆ ಮನೆಯವರು ಹೆದರುತ್ತಾರೆ, ಇಲ್ಲವೇ ಉಪದೇಶಕ್ಕಿಳಿಯುತ್ತಾರೆ. ನಿರ್ದಿಷ್ಟವಾಗಿ ಕೇಳಿ. ‘ಅಮ್ಮಾ, ಇವತ್ತು ಕೆಟ್ಟ ದಿನ. ಮಾತಾಡೋಕೆ ಆಗಲ್ಲ, ಕೋಪ ಇಲ್ಲ. ಒಂದು ಗಂಟೆಗೆ ಊಟಕ್ಕೆ ಕರೀರಿ, ಏಳದಿದ್ರೆ ಇನ್ನೊಂದ್ಸಲ ಕರೀರಿ.’ ‘ಅಣ್ಣ, ಮಂಗಳವಾರ ಆಸ್ಪತ್ರೆಗೆ ನನ್ನ ಜೊತೆ ಬರ್ತೀಯಾ? ಒಳಗೆ ಬರೋದು ಬೇಡ, ಹೊರಗೆ ಕೂತಿದ್ರೆ ಸಾಕು.’ ದಿನದಿನವೂ ವಿವರಿಸುವುದು ಕಷ್ಟವೆಂದರೆ ಫ್ರಿಜ್ ಮೇಲೆ ಕೆಂಪು, ಹಳದಿ, ಹಸಿರು ಚೀಟಿ ತಿರುಗಿಸಿಡಿ. ಯಾವ ಬಣ್ಣಕ್ಕೆ ಏನು ಮಾಡಬೇಕೆಂದು ಒಮ್ಮೆ ಮಾತಾಡಿಕೊಂಡಿದ್ದರೆ ಸಾಕು.

ಮನೆಯವರಿಗೆ ಒಂದು ಮಾತು. ‘ಧೈರ್ಯ ತಗೋ’, ‘ನಿನಗೇನು ಕಡಿಮೆಯಾಗಿದೆ’, ‘ಮದುವೆಯಾದರೆ ಸರಿಹೋಗುತ್ತೆ’ ಇವು ಕೇಳುವವರಿಗೆ ಆರೋಪವಾಗಿ ತಾಗುತ್ತವೆ. ಕಾಯಿಲೆ ಮುಚ್ಚಿಟ್ಟು ಮದುವೆ ಮಾಡಿದರೆ ಹೊಸ ಮನೆಯಲ್ಲಿ ಕದ್ದು ಮಾತ್ರೆ ನುಂಗಬೇಕಾಗುತ್ತದೆ, ಕೊನೆಗೆ ಮಾತ್ರೆಯೇ ನಿಲ್ಲುತ್ತದೆ. ಪೂಜೆ, ಹರಕೆ ಮನೆಗೆ ಸಮಾಧಾನ ತರುವುದಾದರೆ ಅವು ಇರಲಿ, ಔಷಧಿಯ ಬದಲಿಗೆ ಅಲ್ಲ, ಜೊತೆಗೆ.

## ಹಂತ 8: ವಾರದ ಲೆಕ್ಕ, ಮರುಕಳಿಸುವ ಸುಳಿವು

ಭಾನುವಾರ ಮಾತ್ರೆ ಡಬ್ಬಿ ತುಂಬುವಾಗಲೇ ಕ್ಯಾಲೆಂಡರಿನ ಅಂಕಗಳನ್ನು ನೋಟ್‌ಬುಕ್ಕಿಗೆ ಇಳಿಸಿ: ತಳದ ಪಟ್ಟಿ ಎಷ್ಟು ದಿನ ಪೂರ್ತಿಯಾಯಿತು, ಸರಾಸರಿ ಎಷ್ಟಕ್ಕೆ ಎದ್ದಿರಿ, ಮಾತ್ರೆ ಎಷ್ಟು ಸಲ ತಪ್ಪಿತು. ಎರಡು ವಾರಕ್ಕೊಮ್ಮೆ ಪಿಎಚ್‌ಕ್ಯೂ-9 ತುಂಬಿ. ಇದು ಒಂಬತ್ತು ಪ್ರಶ್ನೆಗಳ ಹಾಳೆ, ಕನ್ನಡದಲ್ಲೂ ಇದೆ, ಡಾಕ್ಟರನ್ನು ಕೇಳಿದರೆ ಸಿಗುತ್ತದೆ. ಕಳೆದ ಎರಡು ವಾರದ ಸ್ಥಿತಿಗೆ ಪ್ರತಿ ಪ್ರಶ್ನೆಗೂ 0ಯಿಂದ 3 ಅಂಕ, ಒಟ್ಟು 27. 5ರಿಂದ 9 ಸೌಮ್ಯ, 10ರಿಂದ 14 ಮಧ್ಯಮ, 15ರಿಂದ 19 ಸಾಕಷ್ಟು ತೀವ್ರ, 20 ಮತ್ತು ಅದಕ್ಕೂ ಮೇಲೆ ತೀವ್ರ. ಒಂದೆರಡು ಅಂಕದ ಏರಿಳಿತಕ್ಕೆ ಅರ್ಥ ಕಟ್ಟಬೇಡಿ. 5 ಅಂಕದ ಬದಲಾವಣೆ ನಿಜವಾದ ಬದಲಾವಣೆ. ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ಅಲ್ಲಿ 0 ಬಿಟ್ಟು ಬೇರೇನೇ ಬಂದರೂ, ಒಟ್ಟು ಅಂಕ ಎಷ್ಟೇ ಕಡಿಮೆಯಿದ್ದರೂ, ಹಂತ 1ರ ಚೀಟಿ ತೆಗೆದು ಯಾರಿಗಾದರೂ ಹೇಳಿ.

ಹಾಳೆ ತುಂಬಲು ಕೆಟ್ಟ ದಿನವನ್ನೇ ಆರಿಸಿಕೊಂಡರೆ ಅಂಕ ಏರುತ್ತದೆ, ಒಳ್ಳೆಯ ದಿನ ತುಂಬಿದರೆ ಇಳಿಯುತ್ತದೆ. ಆದ್ದರಿಂದ ತುಂಬುವ ವಾರದ ದಿನ ಮತ್ತು ಹೊತ್ತು ಪ್ರತಿ ಸಲ ಒಂದೇ ಇರಲಿ.

ಮರುಕಳಿಸುವ ಖಿನ್ನತೆ ಸಾಮಾನ್ಯವಾಗಿ ಬೇಜಾರಿನ ರೂಪದಲ್ಲಿ ಬಾಗಿಲು ತಟ್ಟುವುದಿಲ್ಲ. ಮೊದಲು ಏಳುವ ಹೊತ್ತು ಜಾರುತ್ತದೆ. ಆಮೇಲೆ ಫೋನ್ ಎತ್ತುವುದು ನಿಲ್ಲುತ್ತದೆ, ಸ್ನಾನ ತಪ್ಪುತ್ತದೆ, ಸಣ್ಣ ಮಾತಿಗೆ ಸಿಡುಕು ಬರುತ್ತದೆ, ತೂಕ ಇಳಿಯುತ್ತದೆ ಅಥವಾ ಏರುತ್ತದೆ. ನಿಮ್ಮಲ್ಲಿ ಮೊದಲು ಕಾಣುವ ಮೂರನ್ನು ಗುರುತಿಸಿ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಯಿರಿ. ಅವುಗಳಲ್ಲಿ ಎರಡು, ಒಂದು ವಾರ ಬಿಡದೆ ಕಂಡರೆ ಮುಂದಿನ ಭೇಟಿಯ ತಾರೀಖಿಗೆ ಕಾಯದೆ ಡಾಕ್ಟರಿಗೆ ಫೋನ್ ಮಾಡಿ, ದಿನಚರಿಯನ್ನು ತಳದ ಪಟ್ಟಿಗೆ ಇಳಿಸಿ. ಮುಂಗಾರಿನ ಮೋಡ ಕವಿದ ವಾರಗಳು, ಸೂತಕ, ಪರೀಕ್ಷೆ, ಹೆರಿಗೆಯ ನಂತರದ ತಿಂಗಳುಗಳು, ಊರು ಬದಲಾಯಿಸಿದ ಹೊಸತು ಇಂಥ ಸಮಯಗಳು ಮುಂದೆ ಬರುತ್ತಿವೆ ಎಂದು ಗೊತ್ತಿದ್ದರೆ ಒಂದು ವಾರ ಮೊದಲೇ ಆ ಪಟ್ಟಿಗೆ ಇಳಿಯುವುದು ಜಾಣತನ.

ಡಾಕ್ಟರ್ ಭೇಟಿಗೆ ಸಿಗುವುದು ಐದು ಹತ್ತು ನಿಮಿಷ, ಎದುರು ಕೂತಾಗ ಎಲ್ಲ ಮರೆತು ‘ಪರವಾಗಿಲ್ಲ ಡಾಕ್ಟ್ರೇ’ ಎಂದು ಎದ್ದು ಬರುವವರೇ ಹೆಚ್ಚು. ಹಿಂದಿನ ದಿನವೇ ಅರ್ಧ ಪುಟ ಬರೆದುಕೊಳ್ಳಿ: ಕಳೆದ ಸಲದಿಂದ ಈಚೆಗೆ ಪಿಎಚ್‌ಕ್ಯೂ-9 ಅಂಕಗಳು, ನಿದ್ದೆಯ ಗಂಟೆ, ತಪ್ಪಿದ ಮಾತ್ರೆಗಳ ಲೆಕ್ಕ, ಮುಜುಗರದ ಅಡ್ಡಪರಿಣಾಮ, ಸಾಯುವ ಯೋಚನೆ ಬಂದಿತ್ತೇ ಇಲ್ಲವೇ, ಕೇಳಬೇಕಾದ ಎರಡು ಪ್ರಶ್ನೆ. ಬಾಯಲ್ಲಿ ಹೇಳಲಾಗದಿದ್ದರೆ ಆ ಕಾಗದವನ್ನೇ ಮೇಜಿನ ಮೇಲಿಟ್ಟು ಓದಿ ಎನ್ನಿ.